ಆಕಾಶದ ತಟ್ಟೆ, ಕಾಡಿನ ದಾರಿ

ಕಾಡಿನ ನಡುವೆ ಮೂವತ್ತು ಮನೆಗಳ ಒಂದು ಪೋಡು. ಅಲ್ಲಿಗೆ ಮೊಬೈಲ್ ಸಿಗ್ನಲ್ ಇಲ್ಲ, ರಸ್ತೆಯೂ ಇಲ್ಲ. ಜೀಪು ನಿಲ್ಲುವ ಜಾಗಕ್ಕೆ ಆರು ಕಿಲೋಮೀಟರ್ ಕಾಲುದಾರಿ.

ಒಂದು ವರ್ಷ ಅಲ್ಲಿನ ಆರೋಗ್ಯ ಕೇಂದ್ರದ ಚಾವಣಿ ಮೇಲೆ, ಉಪಗ್ರಹದಿಂದ ಇಂಟರ್ನೆಟ್ ಹಿಡಿಯುವ ತಟ್ಟೆಯೊಂದನ್ನು ಕೂರಿಸಿದರು. ನರ್ಸ್ ಪುಟ್ಟತಾಯಮ್ಮ ಫೋನಿನಲ್ಲಿ ಪೇಟೆಯ ಡಾಕ್ಟರನ್ನು ತೋರಿಸಿದಾಗ ಜನ ಹಿಗ್ಗಿದರು. ಜ್ವರಕ್ಕೆ, ಕೆಮ್ಮಿಗೆ, ಬಸುರಿಯರ ತಪಾಸಣೆಗೆ ಈಗ ಕೂತಲ್ಲೇ ಸಲಹೆ. ಪೇಟೆಗೆ ನಡೆಯುವವರು ಕಡಿಮೆಯಾದರು. ಕಾಲುದಾರಿಗೆ ಲಂಟಾನದ ಮುಳ್ಳು ಹಬ್ಬಿತು. ದಾರಿ ಸವರೋಣವೆಂದು ಪುಟ್ಟತಾಯಮ್ಮ ಎರಡು ಸಲ ಹೇಳಿ ನೋಡಿದಳು. ಡಾಕ್ಟರೇ ಪೋಡಿಗೆ ಬಂದ ಮೇಲೆ ದಾರಿ ಯಾಕೆ ಎಂದು ಯಜಮಾನ ಕೇತೇಗೌಡ ನಕ್ಕುಬಿಟ್ಟ.

ಒಂದು ಮಧ್ಯಾಹ್ನ ರಾಗಿ ಹೊಲದಲ್ಲಿ ಜಡೆಯನೆಂಬವನ ಕಾಲಿಗೆ ಕೊಳಕುಮಂಡಲ ಹಾವು ಕಚ್ಚಿತು. ಹೆಂಡತಿ ಮಾದಮ್ಮ ನೆರೆಯವರನ್ನು ಕೂಗಿ ಅವನನ್ನು ಕೇಂದ್ರಕ್ಕೆ ತಂದಳು. ಪುಟ್ಟತಾಯಮ್ಮ ಡಾಕ್ಟರಿಗೆ ಕರೆ ಮಾಡಿ ಗಾಯ ತೋರಿಸಿದಳು. ಅವನನ್ನು ನಡೆಸಬೇಡಿ, ತಕ್ಷಣ ಹೊತ್ತು ತನ್ನಿ, ಜೀಪಿನ ಜಾಗಕ್ಕೆ ಆಂಬುಲೆನ್ಸ್ ಕಳಿಸುತ್ತೇನೆ ಎಂದರು ಡಾಕ್ಟರು. ಅಷ್ಟರಲ್ಲಿ ದಟ್ಟ ಮೋಡ ಕವಿದು ಜೋರು ಮಳೆ ಹೊಡೆಯಿತು. ಫೋನಿನಲ್ಲಿ ಡಾಕ್ಟರ ಮುಖ ಅಲ್ಲಾಡದೆ ನಿಂತಿತು, ಆಮೇಲೆ ಅದೂ ಹೋಯಿತು.

ಮಳೆ ನಿಲ್ಲಲಿ, ಡಾಕ್ಟರು ಮತ್ತೆ ಸಿಕ್ಕಿದರೆ ಇಲ್ಲೇ ಮಾಡುವಂಥ ಮದ್ದು ಹೇಳಿಯಾರು ಎಂದ ಕೇತೇಗೌಡ. ಕೆಲವರು ಹೌದೆಂದು ತಲೆಯಾಡಿಸಿದರು.

"ಯಜಮಾನ್ರೇ, ಆಕಾಶದಿಂದ ಮಾತು ಬರುತ್ತೆ, ಇಂಜೆಕ್ಷನ್ ಬರಲ್ಲ. ಈಗಲೇ ಹೊರಬೇಕು," ಎಂದಳು ಪುಟ್ಟತಾಯಮ್ಮ.

ಕಂಬಳಿಯ ಜೋಲಿ ಮಾಡಿ ಬಿದಿರಿಗೆ ಕಟ್ಟಿದರು. ಮಾದಮ್ಮ ಅಳುತ್ತ ಕೂರಲಿಲ್ಲ. ಕುಡುಗೋಲು ಹಿಡಿದು ಎಲ್ಲರಿಗಿಂತ ಮುಂದೆ ನಡೆದಳು. ಅವಳು ಮುಳ್ಳು ಕಡಿದಷ್ಟೇ ದಾರಿ. ಕೈ ತರಚಿ ರಕ್ತ ಬಂದರೂ ಕುಡುಗೋಲನ್ನು ಬೇರೆಯವರಿಗೆ ಕೊಡಲಿಲ್ಲ. ಕೇತೇಗೌಡನೂ ಹೆಗಲು ಕೊಟ್ಟ. ಒಂದೂವರೆ ಗಂಟೆಯ ಹಾದಿ ಮೂರು ಗಂಟೆ ಹಿಡಿಯಿತು. ಆಂಬುಲೆನ್ಸ್ ಕಾದು ನಿಂತಿತ್ತು.

ಜಡೆಯ ಬದುಕಿದ. ಆದರೆ ಕಾಲಿನ ಎರಡು ಬೆರಳು ಹೋದವು. ಇನ್ನೂ ಬೇಗ ಬಂದಿದ್ದರೆ ಉಳಿಯುತ್ತಿದ್ದವೇನೋ ಎಂದರು ಡಾಕ್ಟರು.

ಪೋಡಿಗೆ ಮರಳಿದವನೇ ಕೇತೇಗೌಡ ಎಲ್ಲರನ್ನೂ ಕರೆದ. "ಆ ತಟ್ಟೆ ಇಲ್ಲದಿದ್ರೆ ಆಂಬುಲೆನ್ಸ್ ಬರ್ತಿರ್ಲಿಲ್ಲ. ದಾರಿ ಇದ್ದಿದ್ರೆ ಬೆರಳು ಉಳೀತಿತ್ತು. ತಪ್ಪು ನಂದು," ಎಂದ. ಮೊದಲ ಪೊದೆಯನ್ನು ತಾನೇ ಕಡಿದ. ಅಂದಿನಿಂದ ತಿಂಗಳಿಗೊಮ್ಮೆ ಮನೆಗೊಬ್ಬರಂತೆ ಬಂದು ದಾರಿ ಸವರುವುದು ಆ ಪೋಡಿನ ಕಟ್ಟಳೆಯಾಯಿತು.

ನೀತಿ: ಹೊಸ ಸಾಧನ ಬಂದರೆ ಬೇಡವೆನ್ನಬೇಡಿ, ಆದರೆ ಅದರ ಮಿತಿಯನ್ನು ಅರಿತು ಬಳಸಿ. ದೂರದವರ ಮಾತನ್ನು ಅದು ಹತ್ತಿರ ತರುತ್ತದೆ. ಹೆಗಲನ್ನು ಮಾತ್ರ ನಾವೇ ಕೊಡಬೇಕು.