ಒಲೆಗಂಡಿಗೆ ಆ ಹೆಸರು ಬಂದ ಬಗೆ

ಹೊಳೆ ಕಡಲನ್ನು ಸೇರುವ ಅಳಿವೆಯ ತೆಂಕಣ ದಂಡೆಯಲ್ಲಿ ಕಾಂಡ್ಲಕೇರಿ ಎಂಬ ಊರಿದೆ. ಊರಿನ ಮನೆಗಳು ಮುಗಿದಲ್ಲಿಂದ ಗಜನಿ ಬಯಲು ಶುರುವಾಗುತ್ತದೆ. ಗಜನಿಯೆಂದರೆ ಉಪ್ಪುನೀರು ಏರಿ ಇಳಿಯುವ ತಗ್ಗು ನೆಲ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಭತ್ತ ಬೆಳೆಯುತ್ತದೆ, ಉಳಿದ ಕಾಲದಲ್ಲಿ ಮೀನು, ಸಿಗಡಿ, ಏಡಿ, ಬಳಚೆಂಬ ಚಿಪ್ಪುಮೀನು ಸಿಗುತ್ತವೆ. ಈ ಬಯಲಿಗೂ ಹೊಳೆಗೂ ನಡುವೆ ಕೆಂಪುಕಲ್ಲಿನ ಹಳೆಯ ಕಟ್ಟೆಯೊಂದು ಹಾವಿನಂತೆ ಮಲಗಿದೆ. ಬಲು ಗಟ್ಟಿಮುಟ್ಟಾದ ಕಟ್ಟೆ; ಅದರ ಮೇಲೆ ಗಾಡಿ ಹೊಡೆಯಬಹುದು. ಆದರೆ ಎರಡು ಕಡೆಯಿಂದಲೂ ಠೀವಿಯಿಂದ ಬಂದ ಕಟ್ಟೆ ನಡುವೆ ಒಂದೆಡೆ ಇದ್ದಕ್ಕಿದ್ದಂತೆ ನಿಂತುಬಿಟ್ಟಿದೆ. ಆ ಕಂಡಿಯಲ್ಲಿ ನೀರು ತನಗೆ ಬೇಕಾದಾಗ ಒಳಗೆ ಬರುತ್ತದೆ, ಬೇಕಾದಾಗ ಹೊರಗೆ ಹೋಗುತ್ತದೆ. ಇಷ್ಟೆಲ್ಲ ಕಟ್ಟಿದವನಿಗೆ ಇಷ್ಟಗಲ ಮುಚ್ಚಲು ಏನು ಧಾಡಿಯಾಗಿತ್ತು ಎಂದು ಬಂದವರು ಕೇಳುವುದುಂಟು. ಈ ಜಾಗದ ಹೆಸರು ಒಲೆಗಂಡಿ. ಇಲ್ಲಿ ಹಿಂದೆ ಸುಣ್ಣ ಸುಡುವ ಗೂಡುಗಳಿದ್ದವು, ಅದಕ್ಕೇ ಆ ಹೆಸರು ಎಂದು ಹೆಸರಿನ ಮೂಲ ಹುಡುಕುವ ಕೆಲವರು ಹೇಳುತ್ತಾರೆ. ಹೇಳಲಿ, ಬಾಯಿಗೆ ಬೀಗವಿಲ್ಲ. ಊರಿನವರು ಹೇಳುವುದೇ ಬೇರೆ.

ಹಿಂದೆ ಒಮ್ಮೆ ಈ ಗಜನಿಯೆಲ್ಲ ದೊಡ್ಡಮನೆಯ ತಿರುಮಲಯ್ಯ ಒಡೆಯರ ಕೈಯಲ್ಲಿತ್ತಂತೆ. ಆ ಕಾಲದಲ್ಲಿ ಇಂಥ ಕಟ್ಟೆಯಿರಲಿಲ್ಲ. ಮಳೆಗಾಲಕ್ಕೆ ಗದ್ದೆಯ ಸುತ್ತ ಹುಲ್ಲು ಕೆಸರಿನ ಒಡ್ಡು ಹಾಕುತ್ತಿದ್ದರು. ಕಗ್ಗ ಕೊಯ್ದು ಕಣ ಸೇರಿದ ಮೇಲೆ ಒಡ್ಡನ್ನು ಕಡಿದುಬಿಡುತ್ತಿದ್ದರು. ಅಂದಿನಿಂದ ಮುಂದಿನ ಬಿತ್ತನೆಯವರೆಗೆ ಬಯಲಿಗೆ ಬಂದ ನೀರು ಎಲ್ಲರದು. ಭತ್ತ ಒಡೆಯನಿಗೆ, ಮೀನು ಕೇರಿಗೆ. ಯಾರೂ ಬರೆದಿಟ್ಟ ಮಾತಲ್ಲ, ಯಾರೂ ಮುರಿದ ಮಾತೂ ಅಲ್ಲ. ತಿರುಮಲಯ್ಯನ ತಂದೆ, ಅಜ್ಜ ಎಲ್ಲರೂ ಹಾಗೆಯೇ ನಡೆದುಕೊಂಡು ಬಂದವರು. ತಿರುಮಲಯ್ಯ ಮಾತ್ರ ಬೇರೆ ಲೆಕ್ಕ ಹಾಕಿದ. ಬಯಲಿಗೂ ಹೊಳೆಗೂ ನಡುವೆ ಕಲ್ಲಿನ ಕಟ್ಟೆ ಕಟ್ಟಿ, ನಡುವೆ ಹಲಸಿನ ಹಲಗೆಯ ಬಾಗಿಲಿಟ್ಟು ಬೀಗ ಹಾಕಿದರೆ, ಏರುನೀರಿನೊಡನೆ ಒಳಗೆ ಬಂದ ಮೀನು ಹೊರಗೆ ಹೋಗುವ ಹಾಗಿಲ್ಲ, ಕೇರಿಯ ಹೆಂಗಸರು ಒಳಗೆ ಬರುವ ಹಾಗೂ ಇಲ್ಲ. ಕಟ್ಟೆ ಏಳುವ ಮೊದಲೇ ಬಯಲಿಗೆ ಕಾವಲು ಬಂತು. ಕಾವಲಿನವರು ಹೆಂಗಸರ ಬುಟ್ಟಿಗಳನ್ನು ಕಾಲಿನಿಂದ ಒದ್ದು, ಬಳಚನ್ನು ಕೆಸರಿಗೆ ಚೆಲ್ಲಿದರು. ಹಸಿದವರ ಬುಟ್ಟಿ ಒದೆಯುವುದಕ್ಕಿಂತ ಹೀನ ಕೆಲಸ ಇನ್ನೊಂದಿಲ್ಲ.

ಆ ಕೇರಿಯಲ್ಲಿ ಬುದವಂತಿ ಎಂಬ ಅಂಬಿಗರ ಹೆಂಗಸಿದ್ದಳು. ಗಂಡನನ್ನು ಅಳಿವೆಯ ಬಾಯಿಯಲ್ಲಿ ಕಳೆದುಕೊಂಡವಳು, ಮಕ್ಕಳಿಲ್ಲದವಳು. ತಾಯಿ ತೀರಿಹೋದಾಗ ಇನ್ನೂ ತೊದಲುತ್ತಿದ್ದ ತಮ್ಮ ಜಟ್ಟಿಯನ್ನು ಇದೇ ಗಜನಿಯ ಬಳಚು ಬೇಯಿಸಿ, ಗಂಜಿಯೊಡನೆ ತಿನ್ನಿಸಿ ಸಾಕಿದ್ದಳು. ಅವಳ ಪಾಲಿಗೆ ಈ ನೀರೆಂದರೆ ಗದ್ದೆ, ಕಣಜ, ತವರುಮನೆ ಎಲ್ಲವೂ. ಅದನ್ನು ಮುಚ್ಚಿದರೆ ಬದುಕಲು ಅವಳಿಗೆ ಬೇರೆ ದಾರಿಯಿರಲಿಲ್ಲ; ಕೇರಿಯ ಅರ್ಧಕ್ಕರ್ಧ ಹೆಂಗಸರ ಪಾಡೂ ಅದೇ ಆಗಿತ್ತು. ಬುಟ್ಟಿ ಒದೆಸಿಕೊಂಡ ದಿನ ಅವಳು ನೇರ ದೊಡ್ಡಮನೆಯ ಅಂಗಳಕ್ಕೆ ಹೋಗಿ ನಿಂತಳಂತೆ. ಒಡೆಯ ಜಗಲಿಯಿಂದಲೇ, "ನನ್ನ ನೆಲದ ಮೇಲೆ ನಿಂತ ನೀರು ನನ್ನದು ಬುದವಂತಿ. ಅದರೊಳಗಿನ ಮೀನೂ ನನ್ನದು" ಎಂದ. ಬುದವಂತಿ ತಲೆ ತಗ್ಗಿಸಲಿಲ್ಲ. "ನಿಂತ್ರೆ ನಿಮ್ದೇ ಒಡೇರೆ. ಅದು ಒಂದ್ ದಿನಾನೂ ನಿಂತದ್ದಿಲ್ಲ" ಎಂದವಳೇ ತಿರುಗಿ ನಡೆದಳು. ಗಾಯಕ್ಕೆ ಉಪ್ಪು ಸವರಿದಂತೆ, ಕಟ್ಟೆಯ ಆಳುಗಳಿಗೆ ಒಡೆಯ ಮುಂದಾಳಾಗಿ ಮಾಡಿದ್ದು ಅವಳ ತಮ್ಮ ಜಟ್ಟಿಯನ್ನೇ. ಕಟ್ಟೆ ಮುಗಿದ ದಿನ ಅವನಿಗೊಂದು ಗದ್ದೆ ಗೇಣಿಗೆ ಕೊಡುವ ಮಾತಾಗಿತ್ತು. ಹುಟ್ಟಿದಂದಿನಿಂದ ಅಂಗೈ ಅಗಲದ ನೆಲ ಕಾಣದವನಿಗೆ ಆ ಮಾತು ದೇವರು ಎದುರಿಗೆ ಬಂದಂತೆ ಕಂಡಿದ್ದರೆ ತಪ್ಪೇನು? ಅಕ್ಕನ ಮನೆಯ ಕಡೆ ತಲೆ ಹಾಕುವುದನ್ನೇ ಅವನು ಬಿಟ್ಟುಬಿಟ್ಟಿದ್ದ. ಬುದವಂತಿಗೆ ಒಡೆಯನ ಮೇಲಿನ ಸಿಟ್ಟಿಗಿಂತ ಇದೇ ಹೆಚ್ಚು ಸುಡುತ್ತಿತ್ತು.

ಕಟ್ಟೆ ಎರಡೂ ಕಡೆಯಿಂದ ಬೆಳೆದು ಬಂತು. ಕೊನೆಗೆ ಉಳಿದದ್ದು ನಡುವಿನ ಕಂಡಿ. ನೀರಿನ ಕೆಲಸ ಬಲ್ಲವರಿಗೆ ಗೊತ್ತು, ಕಟ್ಟೆಯಲ್ಲಿ ಕಷ್ಟದ ಕೆಲಸವೇ ಕೊನೆಯ ಕಂಡಿ. ಏರಿಳಿತ ಮಂದವಾಗಿರುವ ಅಷ್ಟಮಿಯ ದಿನ ನೋಡಿ, ನೀರು ಪೂರ್ತಿ ಇಳಿದಾಗ ಕೈ ಹಚ್ಚಿ, ಮತ್ತೆ ಏರುವ ಮೊದಲು ಬಾಗಿಲು ನಿಲ್ಲಿಸಿ ಮಣ್ಣು ತುಂಬಿ ಮುಗಿಸಬೇಕು. ಅರ್ಧಕ್ಕೆ ಬಿಟ್ಟರೆ ಏರುನೀರು ತುಂಬಿದ್ದನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ಅಂಥ ಒಂದು ಅಷ್ಟಮಿಯ ಬೆಳಿಗ್ಗೆ ಆಳುಗಳು ಮಣ್ಣಿನ ಹೆಡಿಗೆ ಹೊತ್ತು ಬಂದು ನೋಡಿದರೆ, ಕಂಡಿಯ ನಟ್ಟನಡುವೆ ಹೊಗೆಯಾಡುತ್ತಿತ್ತು. ಬುದವಂತಿ ಮೂರು ಕಲ್ಲು ಹೂಡಿ ಒಲೆ ಹಚ್ಚಿದ್ದಳು. ಮೇಲೆ ಗಂಜಿಯ ಮಡಕೆ, ಪಕ್ಕದ ಒಲೆಯಲ್ಲಿ ಬಳಚಿನ ಸಾರು. ಕೇರಿಯ ಹೆಂಗಸರೆಲ್ಲ ಸುತ್ತ ಕೂತು ಕಾಯಿ ತುರಿಯುತ್ತಿದ್ದರು, ಮದುವೆ ಮನೆಯಲ್ಲಿ ಕೂತವರ ಹಾಗೆ.

ಆ ಸೀಮೆಯಲ್ಲಿ ಒಂದು ಕಟ್ಟಳೆಯಿತ್ತು. ಹೊತ್ತಿದ ಒಲೆಯನ್ನು ತುಳಿಯಬಾರದು. ಉಣ್ಣುವವರ ಊಟ ಮುಗಿಯುವ ಮೊದಲು ಅದಕ್ಕೆ ನೀರನ್ನಾಗಲಿ ಮಣ್ಣನ್ನಾಗಲಿ ಹಾಕಬಾರದು. ಹಾಕಿದವನ ಮನೆಯಲ್ಲಿ ಬೆಂಕಿ ನಿಲ್ಲುವುದಿಲ್ಲ. ಕೇರಿಯವರು ನಂಬಿದಷ್ಟೇ ದೊಡ್ಡಮನೆಯವರೂ ಇದನ್ನು ನಂಬಿದ್ದರು. ಆಳುಗಳು ಹೆಡಿಗೆ ಇಳಿಸಿ ನಿಂತರು. ಜಟ್ಟಿ ಮುಂದೆ ಬಂದು, "ಅಕ್ಕಾ, ಏಳು. ಎಲ್ಲರ ಎದುರು ನನ್ನ ಮರ್ಯಾದಿ ತೆಗೀಬೇಡ" ಎಂದು ಹಲ್ಲು ಕಚ್ಚಿ ಹೇಳಿದ. ಬುದವಂತಿ ಅವನ ಮುಖ ನೋಡದೆ, "ಬೇಯ್ತಾ ಅದೆ ತಮ್ಮಾ. ಬೇಯೂಕೆ ಬಿಡು" ಎಂದಳು. ಅಷ್ಟರಲ್ಲಿ ಒಡೆಯನೂ ಬಂದ. ಕೆಂಡಾಮಂಡಲವಾದರೂ ಒಲೆಗೆ ಕಾಲು ತಾಗಿಸಲು ಅವನಿಗೂ ಧೈರ್ಯ ಬರಲಿಲ್ಲ. ಬೇಗ ಬೇಯಿಸಿ ಉಂಡು ತೊಲಗಿ ಎಂದು ಗದರಿ ಕಟ್ಟೆಯ ಮೇಲೆ ಕೂತ. ಹೆಂಗಸರಿಗೆ ಅವಸರವೇ ಇರಲಿಲ್ಲ. ಒಂದು ಮಡಕೆ ಇಳಿದರೆ ಇನ್ನೊಂದು ಏರುತ್ತಿತ್ತು. ಇಳಿದದ್ದನ್ನು ಯಾರೂ ಮುಟ್ಟುತ್ತಿರಲಿಲ್ಲ. ಹೊತ್ತು ಏರಿತು. ದೂರದಲ್ಲಿ ಕಡಲು ತಿರುಗುವ ಸದ್ದು ಬುದವಂತಿಯ ಕಿವಿಗೆ ಮೊದಲು ಬಿತ್ತು, ಆಮೇಲೆ ಒಡೆಯನ ಕಿವಿಗೂ ಬಿತ್ತು.

ಇಲ್ಲಿ ಒಡೆಯನಿಗೊಂದು ಉಪಾಯ ಹೊಳೆಯಿತು. ಅತಿ ಬುದ್ಧಿವಂತ ಮೂರು ಕಡೆ ಹೇಸಿಗೆ ತುಳಿದ ಎನ್ನುತ್ತಾರಲ್ಲ, ಹಾಗೆ. ಉಣ್ಣುವವರ ಊಟ ಮುಗಿಯುವವರೆಗೆ ತಾನೇ ಒಲೆಗೆ ರಕ್ಷೆ? ಮುಗಿಸಿಬಿಟ್ಟರಾಯಿತು! ಅವನು ಎದ್ದು ನಿಂತು, "ನನ್ನ ಆಳುಗಳು ಹಸಿದಿದ್ದಾರೆ. ಹಸಿದವರಿಗೆ ಇಲ್ಲವೆನ್ನುತ್ತೀಯಾ ಬುದವಂತಿ? ಬಡಿಸು. ಏ ಜಟ್ಟಿ, ಎಲ್ಲರೂ ಕೂತ್ಕೊಳ್ಳಿ. ಒಂದು ಅಗುಳೂ ಉಳಿಯಬಾರದು. ಮಡಕೆ ಖಾಲಿಯಾದ ಕೂಡಲೆ ಮಣ್ಣು ಹಾಕಿ" ಎಂದ. ಬುದವಂತಿ ಇದನ್ನು ನೆನೆಸಿರಲಿಲ್ಲ. ಹಸಿದು ಬಂದವರಿಗೆ ಇಲ್ಲವೆನ್ನುವುದು ಅವಳ ಬಾಯಲ್ಲಿ ಬರುವ ಮಾತಲ್ಲ; ಬಡಿಸಿದರೆ ನೀರು ಹೋಯಿತು. ಆದರೂ ಅವಳು ಸೌಟು ಹಿಡಿದಳು. ಬೆಳಗಿನಿಂದ ಹಸಿದು ಕಾದಿದ್ದ ಆಳುಗಳು ಹಿಂದೆ ಮುಂದೆ ನೋಡದೆ ಉಂಡರು. ಕೊನೆಯ ಮಡಕೆಯ ತಳ ಕೆರೆದು ಅವಳು ತಮ್ಮನ ಎಲೆಗೆ ಬಡಿಸಿದಳು. ಎಳವೆಯಲ್ಲಿ ಮಾಡುತ್ತಿದ್ದ ಹಾಗೆ, ಚಿಪ್ಪು ಬಿಡಿಸಿ ಬಳಚಿನ ತಿರುಳನ್ನಷ್ಟೇ ಗಂಜಿಯ ಮೇಲಿಟ್ಟಳು. ಹಾಗೆ ಮಾಡಬೇಕೆಂದು ಮಾಡಿದ್ದಲ್ಲ, ಕೈ ಮಾಡಿತು. ಜಟ್ಟಿ ತಲೆಯೆತ್ತದೆ ಉಂಡ.

ಉಂಡೆದ್ದು ಹೊಳೆಯಲ್ಲಿ ಕೈತೊಳೆದು ಬಂದವನಿಗೆ ಒಡೆಯ ಮಣ್ಣೆಳೆಯುವ ಹಾರೆಯನ್ನು ತೋರಿಸಿ, "ಹ್ಞೂಂ, ಇನ್ನು ಹಾಕು ಮಣ್ಣು" ಎಂದ. ಜಟ್ಟಿ ಹಾರೆ ಮುಟ್ಟಲಿಲ್ಲ. "ಉಂಡೆ ಒಡೇರೆ. ಉಂಡ ಮನೆಗೆ ಎರಡು ಬಗೀಬಾರದು ಅಂತ ಹಿರೀರು ಹೇಳಿದ್ರು. ಉಂಡ ಒಲೆಗೆ ಮಣ್ಣು ಹಾಕೂಕೆ ನನ್ನ ಕೈ ಏಳೂದಿಲ್ಲ" ಎಂದ. ಹಿಂದಿನಿಂದ ಆಳುಗಳೂ ಒಬ್ಬೊಬ್ಬರಾಗಿ ಹೆಡಿಗೆ ಕವುಚಿ ಹಾಕಿದರು. ಉಣ್ಣುವ ಮುಂಚೆ ಅವರು ಒಲೆಗೆ ಹೆದರಿದವರಾಗಿದ್ದರು, ಉಂಡ ಮೇಲೆ ಒಲೆಯವರೇ ಆಗಿದ್ದರು. ಹೀಗೆ ಮಾಡಿಸಿದವನು ಒಡೆಯನೇ.

"ಗೇಣಿ ಗದ್ದೆ ಮರೆತುಬಿಡು" ಎಂದು ತಿರುಮಲಯ್ಯ ಕೂಗಿದ.

"ಮರತೆ" ಎಂದ ಜಟ್ಟಿ. ಮರೆಯುವುದೇನು ಸುಲಭವಿರಲಿಲ್ಲ, ಸುಳ್ಳೇಕೆ? ಗದ್ದೆಯ ಆಸೆ ಸಣ್ಣದಲ್ಲ. ಹೇಳಿದವನೇ ಹೋಗಿ ಅಕ್ಕನ ಪಕ್ಕದಲ್ಲಿ, ಕಂಡಿಯ ನಡುವೆ ಕೂತ.

ಆಗ ಒಡೆಯನಿಗೆ ಕಟ್ಟಳೆಯೂ ಬೇಡವಾಯಿತು, ಮರ್ಯಾದೆಯೂ ಬೇಡವಾಯಿತು. ತಾನೇ ಕಟ್ಟೆಯಿಂದ ಇಳಿದು, ಹುಟ್ಟಿದಂದಿನಿಂದ ಹಿಡಿಯದ ಹಾರೆ ಹಿಡಿದು ಒಲೆಯ ಮೇಲೆ ಮಣ್ಣೆಳೆದ. ಬುದವಂತಿ ಅಷ್ಟರಲ್ಲಿ ಉರಿಯುವ ಕೊಳ್ಳಿಯೊಂದನ್ನು ಹಿರಿದುಕೊಂಡು ಅತ್ತ ಇನ್ನೊಂದು ಒಲೆ ಹಚ್ಚಿದ್ದಳು. ಇನ್ನೂ ಯಾರೂ ಉಣ್ಣದ ಆ ಒಲೆಗೂ ಎಳೆದ, ಇನ್ನೊಬ್ಬ ಹೆಂಗಸು ಮತ್ತೊಂದು ಹಚ್ಚಿದಳು. ಹೀಗೆ ಕಂಡಿಯ ಉದ್ದಗಲಕ್ಕೂ ಅವನು ಮುಚ್ಚುತ್ತ ಹೋದ, ಅವರು ಹಚ್ಚುತ್ತ ಹೋದರು. ಸಾವಿರ ಹೆಡಿಗೆಯ ಕೆಲಸ ಒಂದು ಹಾರೆಗೆ ಆಗುವುದುಂಟೆ? ಮೊದಲು ಅವನ ಪಾದ ಒದ್ದೆಯಾಯಿತು, ಆಮೇಲೆ ಮೊಣಕಾಲು. ನಿಲ್ಲಿಸಲೆಂದು ತಂದಿಟ್ಟಿದ್ದ ಹಲಸಿನ ಬಾಗಿಲು ನೀರಿನಲ್ಲಿ ಎದ್ದು ತೇಲಿ, ಮುಂದೆ ನೀರು ಇಳಿಯುವಾಗ ಕಡಲಿನ ದಾರಿ ಹಿಡಿಯಿತು. ಹೆಂಗಸರು ಕೆಂಡವನ್ನು ಮಡಕೆಗೆ ತುಂಬಿ ಕಟ್ಟೆಯ ತುದಿಗೆ ಏರಿ, ಅಲ್ಲಿ ಮತ್ತೆ ಒಲೆ ಹೂಡಿದರು. ಬುದವಂತಿ ಮೇಲಿನಿಂದ, "ಬನ್ನಿ ಒಡೇರೆ, ನೀವೂ ಬೆಳಿಗ್ಗಿಂದ ಉಂಡದ್ದಿಲ್ಲ" ಎಂದು ಕರೆದಳಂತೆ. ಅವನು ಬರಲಿಲ್ಲ. ಆ ರಾತ್ರಿಯಿಂದ ದೊಡ್ಡಮನೆಯ ಒಲೆ ಹೊತ್ತಲೇ ಇಲ್ಲ ಎನ್ನುತ್ತಾರೆ. ನಂಬುವುದು ಬಿಡುವುದು ಕೇಳಿದವರಿಗೆ ಬಿಟ್ಟದ್ದು. ಆಮೇಲೆಯೂ ಅವನು ಎಷ್ಟೋ ಅಷ್ಟಮಿಗಳಲ್ಲಿ ಕಂಡಿ ಮುಚ್ಚಲು ನೋಡಿದ್ದು ನಿಜ. ಕಟ್ಟೆಯ ತುದಿಯಲ್ಲಿ ಹೊಗೆ ಕಂಡರೆ ಸುತ್ತಲ ಯಾವ ಕೇರಿಯ ಆಳೂ ಮಣ್ಣು ಹೊರಲು ಬರುತ್ತಿರಲಿಲ್ಲ. ಜಟ್ಟಿಗೆ ಗದ್ದೆ ಕೊನೆಗೂ ಆಗಲಿಲ್ಲ. ಅಕ್ಕನ ಜೊತೆ ಇದೇ ನೀರಿನಲ್ಲಿ ಬದುಕಿದ.

ಇಂದು ಒಲೆಗಂಡಿಗೆ ಹೋದವರು ಕಟ್ಟೆಯ ತುದಿಯಲ್ಲಿ ಆಳೆತ್ತರದ ಚಿಪ್ಪಿನ ಗುಡ್ಡೆಯನ್ನು ನೋಡಬಹುದು. ಬಳಚು ಹೆಕ್ಕಲು ಬಂದವರು ಅಲ್ಲಿಯೇ ಬೇಯಿಸಿ ತಿಂದು ಹಾಕಿದ ಚಿಪ್ಪುಗಳವು. ಗುಡ್ಡೆಯ ನೆತ್ತಿಯಲ್ಲಿ ಮಸಿ ಹಿಡಿದ ಮೂರು ಕಲ್ಲುಗಳಿವೆ. ಅಲ್ಲಿಗೆ ಯಾರೇ ಬರಲಿ, ಹೆಸರು ಕೇಳುವ ಮೊದಲು ಕೇರಿಯ ಹೆಂಗಸರು ಎಲೆ ಹಾಕುತ್ತಾರೆ. ಈಚೆಗೆ ಯಾರೋ ಈ ಬಯಲನ್ನು ಸಿಗಡಿ ಹೊಂಡಕ್ಕೆಂದು ಕೊಂಡರಂತೆ. ಬೇಲಿ ಹಾಕಲು ಅಳತೆಯ ಸರಪಳಿ ಹಿಡಿದು ಇಬ್ಬರು ಬಂದರು. ಅವರಿಗೂ ಎಲೆ ಹಾಕಿದರು. ಕತೆ ಗೊತ್ತಿದ್ದವರೋ ಏನೋ, ತಮ್ಮದು ಊಟವಾಗಿದೆ ಎಂದು ಅವರು ಹಿಂದೆ ಸರಿದರು. ಸೌಟು ಹಿಡಿದಿದ್ದ ಮುದುಕಿ ನಕ್ಕು, "ಅಡ್ಡಿಲ್ಲ, ಹಸಿವಾದಾಗ ಬನ್ನಿ. ನಾವೆಲ್ಲೂ ಹೋಗೂದಿಲ್ಲ" ಎಂದು ಒಲೆಗೆ ಇನ್ನೊಂದು ಸೌದೆ ಇಟ್ಟಳು.