ತಡವಾಗಿ ಆರುವ ದೀಪ

ಎಂಜಿನ್ ಕೆಮ್ಮಿದರೆ ನೆಗಡಿಯೋ ನಾಟಕವೋ ಎಂದು ಬೀದಿಯಾಚೆಯಿಂದಲೇ ಹೇಳಬಲ್ಲ ಡ್ರೈವರ್ ಬೋರಲಿಂಗನೂ ಈ ಸಲ ತಲೆ ಕೆರೆದುಕೊಂಡ. ಎಂಜಿನ್‌ಗೆ ಆಯಿಲ್ ತಲುಪಿದೊಡನೆ ಆರಬೇಕಾದ ಯಜಮಾನರ ಕಾರಿನ ಆಯಿಲ್ ದೀಪ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಹತ್ತು ಎಣಿಸುವವರೆಗೂ ಆರದು. ಮಧ್ಯಾಹ್ನವಾದರೆ ತಕ್ಷಣ ಆರುತ್ತದೆ. ಆಯಿಲ್ ಹೊಸದು, ಅಳತೆಯೂ ಸರಿ.

“ಆಯಿಲ್ ಬದಲಿಸುವಾಗ ನೀನೇ ಏನೋ ಕೆಡಿಸಿದ್ದೀಯ. ನಾಳೆ ಕಾರಣ ಹೇಳು, ಇಲ್ಲಾ ಕೀ ಇಟ್ಟು ಹೋಗು,” ಎಂದರು ಯಜಮಾನರು, ನಿವೃತ್ತ ನೀರಾವರಿ ಇಂಜಿನಿಯರ್ ಪಟ್ಟಾಭಿರಾಮಯ್ಯ. ಆಗ ಹಾಕಿದ ಅಗ್ಗದ ಆಯಿಲ್ ಫಿಲ್ಟರನ್ನು ಆರಿಸಿ ತಂದವರು ಮಾತ್ರ ಅವರೇ.

ಮರುದಿನ ಬೆಳಿಗ್ಗೆ ತನ್ನ ಮನೆಯ ಬಾವಿ ಪಂಪಿನ ಮುಂದೆ ಖಾಲಿ ಕೊಡ ಹಿಡಿದು ಕಾಯುತ್ತಿದ್ದಾಗ ಬೋರಲಿಂಗನಿಗೆ ಏನೋ ಹೊಳೆಯಿತು. ನೇರ ಹೋಗಿ ಯಜಮಾನರ ಮುಂದೆ ಕೈಕಟ್ಟಿ ನಿಂತ.

“ಸಾರ್, ನಮ್ಮನೆ ಪಂಪು ಹಾಕಿದ್ರೆ ಬೆಳಿಗ್ಗೆ ನೀರು ತಡವಾಗಿ ಬರುತ್ತೆ, ಮಧ್ಯಾಹ್ನ ಬೇಗ ಬರುತ್ತೆ. ಯಾಕಂತೀರಿ?”

“ಅಯ್ಯೋ ದಡ್ಡ! ವಾಲ್ವ್ ಹಿಡಿಯದೆ ರಾತ್ರಿಯೆಲ್ಲ ನೀರು ಕೆಳಗಿಳಿದಿರುತ್ತೆ. ಬೆಳಿಗ್ಗೆ ಮತ್ತೆ ಮೇಲೇರಬೇಡವೇನೋ? ಅಂಥ ವಾಲ್ವ್ ತಂದವನ ತಲೆಗೆ ಎರಡು ತಟ್ಟು!”

“ಅಷ್ಟು ಧೈರ್ಯ ನನಗಿಲ್ಲ ಸಾರ್. ನೀವು ತಂದ ಫಿಲ್ಟರಿನೊಳಗೂ ಅಂಥದೇ ವಾಲ್ವ್ ಇದೆ, ಅದು ಹಿಡಿಯದೆ ರಾತ್ರಿಯೆಲ್ಲ ಆಯಿಲ್ ಕೆಳಗಿಳಿಯುತ್ತೆ.”

ಯಜಮಾನರ ಕೈ ತಾನಾಗಿಯೇ ತಲೆ ಸವರಿಕೊಂಡಿತು.

“ನೋಡಿದೆಯಾ, ರೋಗ ಕಂಡುಹಿಡಿದದ್ದು ಕೊನೆಗೂ ನಾನೇ! ಹೋಗಿ ಬೇರೆ ಫಿಲ್ಟರ್ ತಾ.”

“ರೋಗ ತಂದದ್ದೂ ನೀವೇ, ಕಂಡುಹಿಡಿದದ್ದೂ ನೀವೇ ಸಾರ್,” ಎಂದು ಬೋರಲಿಂಗ ಕಾರಿನ ಕೀಯನ್ನು ಜೇಬಿಗಿಳಿಸಿದ.