ಮೊಲಕ್ಕೆ ಒಗ್ಗಿದ ಊಟ

ಆಡು ಮುಟ್ಟದ ಸೊಪ್ಪಿಲ್ಲ, ಅದರ ನೆರೆಯ ಮೊಲಕ್ಕೋ ಒಗ್ಗುವ ಸೊಪ್ಪೇ ಕಡಿಮೆ. ಅವರೆ ತಿಂದರೆ ಹೊಟ್ಟೆ ಉಬ್ಬರಿಸುತ್ತಿತ್ತು, ಕೋಸು ತಿಂದರೆ ಮೈಯೆಲ್ಲ ತುರಿಕೆ. ಆಡು ತನ್ನ ಮರಿಯ ನಾಮಕರಣಕ್ಕೆ ಕರೆದಾಗ ಮೊಲ, "ನನ್ನ ಊಟ ಆಗಿದೆ ಅಕ್ಕ" ಎಂದು ಸುಳ್ಳು ಹೇಳಿ ಮೂಲೆಯಲ್ಲಿ ಕುಳಿತಿತು. ಆದರೆ ಅದರ ಹೊಟ್ಟೆ ಗುರುಗುಟ್ಟಿದ್ದು ಆಡಿನ ಕಿವಿಗೆ ಬಿತ್ತು.

"ನಿನ್ನ ಹೊಟ್ಟೆಗೆ ಏನು ಹಿಡಿಸುತ್ತದೆ, ಹೇಳು."

ಮೊಲವನ್ನು ಯಾರೂ ಹಾಗೆ ಕೇಳಿರಲಿಲ್ಲ. "ಗರಿಕೆ, ಒಂದೆಲಗ" ಎಂದಿತು ಮೆಲ್ಲಗೆ.

ಆಡು ಕೆರೆಯಂಚಿಗೆ ಹೋಗಿ ಎಳೆಯವನ್ನೇ ಆರಿಸಿ ತಂದು, ತನಗೂ ಅದನ್ನೇ ಬಡಿಸಿಕೊಂಡು ಪಕ್ಕದಲ್ಲಿ ಕುಳಿತಿತು.

"ನಿನಗೆ ಅಷ್ಟೆಲ್ಲ ಭಕ್ಷ್ಯವಿದೆಯಲ್ಲ ಅಕ್ಕ?"

"ಅದನ್ನು ನಾಳೆ ಒಬ್ಬಳೇ ಮೇಯುತ್ತೇನೆ. ಇಂದು ನಿನ್ನೊಡನೆ ಉಣ್ಣುತ್ತೇನೆ."

ಮೊಲ ಭಯವಿಲ್ಲದೆ ಹೊಟ್ಟೆ ತುಂಬ ಉಂಡಿತು. ಆಮೇಲೆ ಸಂಕೋಚ ಬಿಟ್ಟು, ಇನ್ನಷ್ಟು ಬಡಿಸೆಂದು ಕೇಳಿತು.